ದಾವಣಗೆರೆಯಲ್ಲಿ ಕೊಂಡ ಹವಾಮಾನದ ಗೋಡೆ ನಕ್ಷೆಗಳು
ದಾವಣಗೆರೆಯ ಪುಸ್ತಕದಂಗಡಿಯೊಂದರಲ್ಲಿ ನಮ್ಮ ಪ್ರೌಢಶಾಲೆಗೆಂದು ಕೊಂಡ ಈ ಗೋಡೆ ನಕ್ಷೆಗಳು, ಬೆಚ್ಚಗಿನ ಮತ್ತು ತಣ್ಣಗಿನ ವಾಯುರಾಶಿಗಳು ಸಂಧಿಸುವ ಫ್ರಂಟ್‌ಗಳು 30ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ ಎಲ್ಲಿ ಹೆಚ್ಚಾಗಿ ಹುಟ್ಟುತ್ತವೆ ಎಂಬುದನ್ನು ಸ್ಪಷ್ಟವಾಗಿ ತೋರಿಸುತ್ತವೆ. ಜನವರಿಯ ಹಾಳೆಯೊಂದಕ್ಕೇ ಕೊಟ್ಟ ಹಣ ಸಾರ್ಥಕವೆನ್ನಬಹುದು: ಚಳಿಗಾಲದಲ್ಲಿ ಉತ್ತರ ಅಮೆರಿಕ ಮತ್ತು ಏಷ್ಯಾ ಖಂಡಗಳ ಶೀತಗಾಳಿಯು ಪೂರ್ವ ಕರಾವಳಿಯನ್ನು ದಾಟಿ, ಗಲ್ಫ್ ಸ್ಟ್ರೀಮ್ ಹಾಗೂ ಕುರೋಶಿಯೊ ಎಂಬ ಬಿಸಿನೀರಿನ ಸಾಗರ ಪ್ರವಾಹಗಳ ಮೇಲಿನ ಬೆಚ್ಚನೆಯ ಗಾಳಿಯನ್ನು ಎದುರುಗೊಳ್ಳುವುದರಿಂದ, ಉಷ್ಣಾಂಶದ ಅಂತರ ತೀವ್ರಗೊಂಡು ಪ್ರಬಲ ಫ್ರಂಟ್‌ಗಳು ಅಲ್ಲಿಯೇ ರೂಪುಗೊಳ್ಳುತ್ತವೆ. ಜುಲೈ ಹಾಳೆಯಲ್ಲಿ ಅವು ದುರ್ಬಲಗೊಂಡು ಉತ್ತರಕ್ಕೆ ಸರಿದಿವೆ. ಕಾಗದ ದಪ್ಪವಾಗಿದೆ, ಅಕ್ಷರಗಳು ಹಿಂದಿನ ಬೆಂಚಿಗೂ ಕಾಣುತ್ತವೆ. ಆದರೆ ವರ್ಷವಿಡೀ ಫ್ರಂಟ್‌ಗಳು ಹಾದುಹೋಗುವ ದಕ್ಷಿಣ ಗೋಳಾರ್ಧದ ಸಾಗರವನ್ನು ಮೂಲೆಗೆ ತಳ್ಳಿರುವುದು ಒಪ್ಪತಕ್ಕದ್ದಲ್ಲ. ನಮ್ಮ ಭಾಗದ ಮುಂಗಾರು ಮಳೆಗೆ ಈ ಫ್ರಂಟ್‌ಗಳು ಕಾರಣವಲ್ಲ ಎಂಬ ಟಿಪ್ಪಣಿಯೂ (ಮಕ್ಕಳು ಮೊದಲು ಕೇಳುವುದೇ ಇದನ್ನು) ಇರಬೇಕಿತ್ತು.