ಮಸಾಲೆ ಕಂಪನಿಯ ಹನ್ನೊಂದು ಅಕೌಂಟು ಮತ್ತು ಬಿಟ್‌ವಾರ್ಡನ್

ಕಳೆದ ವರ್ಷ ನಮ್ಮ ಮಸಾಲೆ ಪುಡಿ ಕಂಪನಿ ಇನ್ನೊಂದು ಮಸಾಲೆ ಕಂಪನಿಯನ್ನು ಕೊಂಡಿತು. ಗೋದಾಮು, ವ್ಯಾನು, ಪುಡಿ ಮಾಡುವ ಮಷೀನು ಎಲ್ಲಕ್ಕೂ ಪಟ್ಟಿ ಇತ್ತು, ಸಹಿ ಇತ್ತು. ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಮು, ಯೂಟ್ಯೂಬ್ ಚಾನೆಲ್ಲು ಯಾರ ಕೈಯಲ್ಲಿದೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಎರಡೂ ಕಡೆ ಸೇರಿ 11 ಅಕೌಂಟು. ಪಾಸ್‌ವರ್ಡೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ, ಆ ಶೀಟು ಮೂರು ವಾಟ್ಸಾಪ್ ಗ್ರೂಪಿನಲ್ಲಿ!

ಅದಕ್ಕೇ ಬಿಟ್‌ವಾರ್ಡನ್ ತಗೊಂಡೆವು, ಪಾಸ್‌ವರ್ಡುಗಳನ್ನು ಭದ್ರವಾಗಿಟ್ಟು ತಂಡದವರ ಜೊತೆ ಹಂಚಿಕೊಳ್ಳುವ ಆ್ಯಪ್ ಅದು. ನಮ್ಮದು ಅದರ ಟೀಮ್ಸ್ ಪ್ಲಾನು. ತಲೆಗಿಷ್ಟು ಅಂತ ಡಾಲರಿನಲ್ಲಿ ಲೆಕ್ಕ. ಎಂಟು ತಿಂಗಳು ಬಳಸಿ ಬರೆಯುತ್ತಿದ್ದೇನೆ.

ನನಗೆ ತುಂಬಾ ಹಿಡಿಸಿದ್ದು, ಲಾಗಿನ್ ಆಗುವಾಗ ಪಾಸ್‌ವರ್ಡಿನ ಜೊತೆ ಕೇಳುವ ಆರಂಕಿಯ ಕೋಡು ಅದರೊಳಗೇ ಬರುವುದು. ಮೊದಲು ಒಂದು ಇನ್‌ಸ್ಟಾಗ್ರಾಮ್ ಅಕೌಂಟಿನ ಓಟಿಪಿ ಹೋಗುತ್ತಿದ್ದದ್ದು ಕೆಲಸ ಬಿಟ್ಟು ದಾವಣಗೆರೆಗೆ ಹೋದ ಹುಡುಗನ ಫೋನಿಗೆ. ಪ್ರತಿ ಸಲ ಅವನಿಗೆ ಫೋನು. "ಅಕ್ಕಾ, ಊಟಕ್ಕೆ ಕೂತಿದೀನಿ, ಐದು ನಿಮಿಷ" ಅಂತಾನೆ, ಅಷ್ಟರಲ್ಲಿ ಓಟಿಪಿ ಸತ್ತಿರುತ್ತದೆ. ಈಗ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡು ನಮ್ಮ ನಾಲ್ಕು ಜನಕ್ಕೂ ಕಾಣುತ್ತದೆ. ಯಾವ ಪಾಸ್‌ವರ್ಡನ್ನು ಯಾರು ಯಾವಾಗ ತೆಗೆದು ನೋಡಿದರು ಅನ್ನೋ ಲೆಕ್ಕವೂ ಸಿಗುತ್ತದೆ, ಎರಡು ಆಫೀಸಿನವರು ಇನ್ನೂ ಒಬ್ಬರನ್ನೊಬ್ಬರು ನಂಬದೇ ಇರೋ ಹೊತ್ತಿನಲ್ಲಿ ಇದು ದೊಡ್ಡ ಸಮಾಧಾನ.

ಪಾಸ್‌ವರ್ಡ್ ಮುಚ್ಚಿಟ್ಟು ಬಳಸಲು ಮಾತ್ರ ಬಿಡುವ ಸೌಲಭ್ಯ ಇದೆ, ಆದರೆ ಅದು ಬರೀ ಪರದೆ. ಗೊತ್ತಿದ್ದವರು ಸರಿಸಿ ನೋಡಬಹುದು, ಕಂಪನಿಯೇ ಹಾಗಂತ ಹೇಳಿಕೊಂಡಿದೆ. ಯಾರಾದರೂ ಕೆಲಸ ಬಿಟ್ಟ ದಿನವೇ ಪಾಸ್‌ವರ್ಡ್ ಬದಲಿಸಿ. 2013ರಲ್ಲಿ ಬ್ರಿಟನ್ನಿನ ಮ್ಯೂಸಿಕ್ ಅಂಗಡಿಗಳ ಕಂಪನಿ ಎಚ್‌ಎಂವಿ ದಿವಾಳಿಯ ಹೊತ್ತಿನಲ್ಲಿ ಜನರನ್ನು ತೆಗೆಯುತ್ತಿದ್ದಾಗ ಏನಾಯಿತು ನೆನಪಿದೆಯಾ? ಕಂಪನಿಯ ಟ್ವಿಟರ್ ಅಕೌಂಟಿನಿಂದಲೇ ಆ ಸುದ್ದಿ ಒಂದೊಂದಾಗಿ ಹೊರಬಿತ್ತು. ಟ್ವಿಟರ್ ಮುಚ್ಚೋದು ಹೇಗೆ ಅಂತ ಮಾರ್ಕೆಟಿಂಗ್ ಡೈರೆಕ್ಟರ್ ಕೇಳುತ್ತಿದ್ದಾರೆ ಅನ್ನೋದೂ ಅದರಲ್ಲೇ ಬಂತು.

ಇನ್ನು ಕೆಲವು ಕಡೆ ಪಾಸ್‌ವರ್ಡೇ ಬೀಗ ಅಲ್ಲ, ಅಲ್ಲಿ ಬಿಟ್‌ವಾರ್ಡನ್ ಏನೂ ಮಾಡಲಾರದು. ಫೇಸ್‌ಬುಕ್ ಪೇಜು ನಡೆಯುವುದು ಮನುಷ್ಯರ ಸ್ವಂತ ಅಕೌಂಟಿನ ಮೇಲೆ, ಇರುವ ಒಬ್ಬರೇ ಅಡ್ಮಿನ್ ಮುನಿಸಿಕೊಂಡು ಹೋದರೆ ಪೇಜೂ ಅವರ ಹಿಂದೆಯೇ. ಯೂಟ್ಯೂಬಿನ ಬ್ರ್ಯಾಂಡ್ ಅಕೌಂಟಿನಲ್ಲಿ (ಹಲವರು ಸೇರಿ ನಡೆಸಬಹುದಾದ ಅಕೌಂಟು) ಹೊಸ ಓನರ್ ಆಗಿ 7 ದಿನ ಕಾದ ಮೇಲೆಯೇ ಮುಖ್ಯ ಓನರ್ ಆಗಬಹುದು. ನಾವು ವಿಲೀನದ ಸುದ್ದಿ ಹೇಳಲು ಇನ್ನು ಮೂರು ದಿನ ಇರುವಾಗ ಇದನ್ನು ಓದಿದೆವು. ಎರಡು ಫೇಸ್‌ಬುಕ್ ಪೇಜು ಸೇರಿಸಿದರೆ ಫಾಲೋ ಮಾಡುವವರು ಬರುತ್ತಾರೆ, ಆದರೆ ಒಳಗೆ ಸೇರಿದ ಪೇಜಿನ ಪೋಸ್ಟು, ಫೋಟೋ ಎಲ್ಲ ಹೋಗುತ್ತವೆ. ಆ ಕಂಪನಿಯ ಪೇಜಿನಲ್ಲಿ ಗಿರಾಕಿಗಳು ಹಾಕಿದ ಬಿಸಿಬೇಳೆಬಾತಿನ ಫೋಟೋಗಳೇ ರಾಶಿ ಇದ್ದವು. ಸುಮ್ನೆ ಸೇರಿಸೋಕೆ ಮನಸ್ಸಾಗಲಿಲ್ಲ, ಇನ್ನೂ ಎರಡು ಪೇಜೂ ನಡೆಸುತ್ತಿದ್ದೇವೆ. ಎಕ್ಸ್‌ನಲ್ಲಿ (ಹಳೇ ಟ್ವಿಟರ್) ಅಕೌಂಟಿನ ಹೆಸರು ಬದಲಿಸಿದ ಕೂಡಲೇ ಹಳೇ ಹೆಸರಿನಲ್ಲಿ ಒಂದು ಖಾಲಿ ಅಕೌಂಟು ತೆರೆದು ಬಿಟ್‌ವಾರ್ಡನ್ನಿಗೆ ಹಾಕಿದೆ, ಬೇರೆ ಯಾರೋ ಎತ್ತಿಕೊಂಡು ನಮ್ಮ ಹೆಸರಲ್ಲಿ ಬರೆಯಬಾರದಲ್ವಾ. ಅಲ್ಲಿಗೆ 12 ಆಯಿತು.

ಬಿಟ್‌ವಾರ್ಡನ್ನಿಗೆ ನನ್ನ ಅಂಕ ಐದಕ್ಕೆ ನಾಲ್ಕು. ವಿಲೀನದ ಮಾತುಕತೆ ಶುರುವಾದಾಗಲೇ ತಗೊಳ್ಳಿ, ಸಹಿ ಬಿದ್ದ ಮೇಲಲ್ಲ. ದಾವಣಗೆರೆಯ ಹುಡುಗನಿಗೆ ಎರಡು ಕೆಜಿ ಸಾರಿನ ಪುಡಿ ಕಳಿಸಿದ್ದೇವೆ, ಒಂದು ಪಿಂಟರೆಸ್ಟ್ ಅಕೌಂಟು ಇನ್ನೂ ಅವನ ಹತ್ತಿರವೇ ಇದೆ.