ಪಿಕಪ್‌ಗೆ ಎಟಿ ಟೈರೋ, ಎಂಟಿ ಟೈರೋ? ಮೊದಲು ನಿಮ್ಮ ದಾರಿಯ ಮಣ್ಣು ನೋಡಿ

ಸಕಲೇಶಪುರದ ಕಾಫಿ ತೋಟದ ಕೆಸರು ಬೇರೆ, ನವಲಗುಂದದ ಎರೆ ಹೊಲದ ರಾಡಿ ಬೇರೆ. ಟೈರು ಅಂಗಡಿಗೆ ಹೋದವರು ಬ್ರ್ಯಾಂಡ್ ಕೇಳುತ್ತಾರೆ, ಬೆಲೆ ಕೇಳುತ್ತಾರೆ, ಬಿಳಿ ಅಕ್ಷರ ಇರುವುದು ಸಿಗುತ್ತಾ ಅಂತಲೂ ಕೇಳುತ್ತಾರೆ. ಗಾಡಿ ಯಾವ ಮಣ್ಣಿನಲ್ಲಿ ಓಡುತ್ತದೆ ಅನ್ನುವುದನ್ನು ಅಂಗಡಿಯವರು ಕೇಳುವುದಿಲ್ಲ, ಕೊಳ್ಳುವವರು ಹೇಳುವುದಿಲ್ಲ. ಎಲ್ಲ ಬಗೆಯ ದಾರಿಗೂ ಆಗುವ ಆಲ್ ಟೆರೇನ್ (ಎಟಿ) ಸಾಕೋ, ಕೆಸರಿಗೆಂದೇ ಮಾಡಿದ ಮಡ್ ಟೆರೇನ್ (ಎಂಟಿ) ಬೇಕೋ ಅನ್ನುವುದು ತೀರ್ಮಾನವಾಗುವುದು ಮಾತ್ರ ಆ ಮಣ್ಣಿನಲ್ಲೇ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಎರಡು ಫೋರ್‌ವೀಲ್ ಪಿಕಪ್: ಇಸುಜು ವಿ-ಕ್ರಾಸ್ ಮತ್ತು ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೊಟಾ ಹೈಲಕ್ಸ್. ಟೈರಿನ ಅಳತೆ ಹೈಲಕ್ಸ್‌ಗೆ ಮಾಡೆಲ್ ನೋಡಿಕೊಂಡು 265/65 ಆರ್17 ಇಲ್ಲವೇ 265/60 ಆರ್18. ಹಳೆಯ ವಿ-ಕ್ರಾಸ್‌ಗೆ 255/65 ಆರ್17, ಆಮೇಲಿನವಕ್ಕೆ ಹೆಚ್ಚಾಗಿ 255/60 ಆರ್18. ನಿಮ್ಮ ಗಾಡಿಯದು ಯಾವುದು ಅಂತ ಡ್ರೈವರ್ ಬಾಗಿಲ ಕಂಬದ ಸ್ಟಿಕರ್‌ನಲ್ಲಿ ಬರೆದಿರುತ್ತದೆ.

ಎರಡು ಟೈರನ್ನು ಪಕ್ಕಪಕ್ಕ ಇಟ್ಟು ನೋಡಿ. ಎಂಟಿಯ ಎರಡು ಬ್ಲಾಕ್‌ಗಳ ನಡುವೆ ಹೆಬ್ಬೆರಳು ಸಲೀಸಾಗಿ ಇಳಿಯುತ್ತದೆ, ಎಟಿಯಲ್ಲಿ ಕಿರುಬೆರಳು ತೂರಿಸುವುದೇ ಕಷ್ಟ. ಹೊಸ ಎಂಟಿಯ ತೋಡು 14–15 ಮಿ.ಮೀ. ಆಳ, ಎಟಿಯದು 10–12, ಮಾಮೂಲಿ ಹೈವೇ ಟೈರಿನದು 8ರ ಆಸುಪಾಸು. ಇನ್ನೊಂದು ವ್ಯತ್ಯಾಸ ಕಣ್ಣಿಗೆ ಬೇಗ ಬೀಳುವುದಿಲ್ಲ. ಎಟಿಯ ಪ್ರತಿ ಬ್ಲಾಕಿನ ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ಇವಕ್ಕೆ ಸೈಪ್ ಅನ್ನುತ್ತಾರೆ. ಒದ್ದೆ ಡಾಂಬರಿನ ಮೇಲೆ ನೀರಿನ ಪದರ ಒಡೆದು ರಸ್ತೆ ಕಚ್ಚುವುದು ಈ ಸೀಳುಗಳ ಅಂಚುಗಳೇ. ಎಂಟಿಯ ದಪ್ಪ ಬ್ಲಾಕ್‌ಗಳಲ್ಲಿ ಸೈಪ್ ಕಡಿಮೆ, ರಸ್ತೆಗೆ ತಾಗುವ ರಬ್ಬರೂ ಕಡಿಮೆ.

ಈಗ ಮಲೆನಾಡಿನ ದಾರಿಗೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ದಾರಿ ನೋಡಲು ಭಯಂಕರವಾಗಿರುತ್ತದೆ, ನಿಜ. ಆದರೆ ಒಂದು ಕೋಲು ಚುಚ್ಚಿ ನೋಡಿ: ಹೆಚ್ಚಿನ ಕಡೆ ಎರಡು ಮೂರು ಇಂಚು ಕೆಂಪು ಲೋಳೆ, ಅದರ ಕೆಳಗೆ ವರ್ಷಗಟ್ಟಲೆ ಗಾಡಿ ಓಡಿ ಗಟ್ಟಿಯಾದ ನೆಲ ಇಲ್ಲವೇ ಜಂಬಿಟ್ಟಿಗೆ ಕಲ್ಲು. ಇಂಥಲ್ಲಿ ಟೈರು ಮಾಡಬೇಕಾದ ಕೆಲಸ ಮೇಲಿನ ಲೋಳೆ ಸೀಳಿ ಕೆಳಗಿನ ಗಟ್ಟಿ ಹಿಡಿಯುವುದು, ಅಷ್ಟೆ. ಒಳ್ಳೆಯ ಎಟಿಗೆ ಅದು ಬರುತ್ತದೆ. ಗಾಳಿ 24–25 ಪಿಎಸ್‌ಐಗೆ ಇಳಿಸಿ, ಫೋರ್‌ವೀಲ್ ಲೋ ರೇಂಜ್‌ನಲ್ಲಿ, ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ತುಳಿಯದೆ ಹತ್ತಿಸಿದರೆ ಎಂಟಿ ಹಾಕಿದ ಗಾಡಿ ಹತ್ತುವ ಬಹುಪಾಲು ಏರುಗಳನ್ನು ಇದೂ ಹತ್ತುತ್ತದೆ. ಪಾಚಿ ಹಿಡಿದ ಬಂಡೆ, ಸಿಮೆಂಟ್ ಹಾಕಿದ ಕಡಿದಾದ ಏರು ಬಂದಾಗಲಂತೂ ಎಟಿಯೇ ವಾಸಿ. ಅಲ್ಲಿ ಸೀಳುವುದಕ್ಕೆ ಕೆಸರೇ ಇಲ್ಲ, ಬೇಕಾಗಿರುವುದು ಹೆಚ್ಚು ರಬ್ಬರು, ಹೆಚ್ಚು ಅಂಚು.

ಇನ್ನೂ ದೊಡ್ಡ ಕಾರಣ ತೋಟದ ಗೇಟಿನ ಹೊರಗಿದೆ. ತೋಟದೊಳಗೆ ನಾಲ್ಕು ಕಿಲೋಮೀಟರ್ ಓಡುವ ಗಾಡಿ ಅದೇ ದಿನ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುತ್ತದೆ. ಸುರಿಯುವ ಮಳೆ, ತಿರುವಿನ ಮೇಲೆ ತಿರುವು, ಎದುರಿಗೆ ಬಸ್ಸು. ಪಿಕಪ್‌ನ ಹಿಂದಿನ ಬಾಡಿ ಖಾಲಿ ಇದ್ದರೆ ಹಿಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ, ಲೀಫ್ ಸ್ಪ್ರಿಂಗ್ ಗಡುಸಾಗಿ ಪುಟಿಯುತ್ತದೆ. ಆ ಹಿಂಬದಿಗೆ ಎಂಟಿ ಹಾಕಿದರೆ ಒದ್ದೆ ತಿರುವಿನಲ್ಲಿ ಬಾಲ ಹೊರಳುವುದು ಬೇಗ, ಬ್ರೇಕ್ ಹಿಡಿದಾಗ ಗಾಡಿ ನಿಲ್ಲುವುದು ತಡ. ಕೆಸರಲ್ಲಿ ಸಿಕ್ಕಿಕೊಂಡ ಗಾಡಿಯನ್ನು ಟ್ರ್ಯಾಕ್ಟರ್ ಕರೆಸಿ ಎಳೆಸಬಹುದು, ಘಾಟಿಯ ತಿರುವಿನಲ್ಲಿ ಜಾರಿದ ಗಾಡಿಗೆ ಆ ಅವಕಾಶ ಇಲ್ಲ. ಹಾಗಾಗಿ ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯವರು ಕೇಳಿದರೆ ನಮ್ಮ ಉತ್ತರ ಎಟಿ. ಮಳೆಗಾಲದಲ್ಲಿ ಖಾಲಿ ಓಡಿಸುವುದಾದರೆ ಎರಡು ಮರಳಿನ ಮೂಟೆಯನ್ನು ಹಿಂದಿನ ಆಕ್ಸಲ್‌ನ ನೇರಕ್ಕೆ ಬರುವಂತೆ ಇಟ್ಟು ಹಗ್ಗ ಬಿಗಿಯಿರಿ.

ಎರೆ ಭೂಮಿಯ ಕಥೆ ಪೂರ್ತಿ ಉಲ್ಟಾ. ಗದಗ, ಧಾರವಾಡ, ವಿಜಯಪುರ, ರಾಯಚೂರಿನ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟಿನಂತೆ ಹಿಡಿಯುತ್ತದೆ. ಎಟಿ ಚಕ್ರ ನಾಲ್ಕು ಸುತ್ತು ಸುತ್ತುವುದರೊಳಗೆ ತೋಡುಗಳೆಲ್ಲ ಮೆತ್ತಿಹೋಗಿ ಟೈರು ಬೋಳಾದಂತಾಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಮಣ್ಣಿನ ಮೇಲೆ ಮಣ್ಣು ಉಜ್ಜುವುದೇ. ಇಲ್ಲಿ ಎಂಟಿಯ ಅಗಲ ತೋಡಿಗೆ ನಿಜವಾದ ಬೆಲೆ ಇದೆ. ಚಕ್ರ ತಿರುಗುವ ರಭಸಕ್ಕೆ ಮಣ್ಣು ಕಿತ್ತು ಹಿಂದಕ್ಕೆ ಎಗರುತ್ತದೆ, ಬ್ಲಾಕಿನ ಅಂಚು ಮತ್ತೆ ಹೊಸದಾಗಿ ಕಚ್ಚುತ್ತದೆ. ಗಮನಿಸಬೇಕಾದ್ದು: ಎಂಟಿ ತನ್ನನ್ನು ತಾನು ತೊಳೆದುಕೊಳ್ಳುವುದಕ್ಕೆ ಸ್ವಲ್ಪ ವೇಗ ಬೇಕು. ತೆವಳುವ ವೇಗದಲ್ಲಿ ಎರೆ ಮಣ್ಣು ಎಂಟಿಯಲ್ಲೂ ಮೆತ್ತುತ್ತದೆ. ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರಕ್ಕೆ ಉಜ್ಜುತ್ತಿದ್ದರೆ ಇಳಿದು ಕಬ್ಬಿಣದ ಸಲಾಕೆಯಿಂದ ಕೆರೆದು ತೆಗೆಯಿರಿ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿಗೆ ಸಲಾಕೆ ತಾಗದಿರಲಿ. ಆಕ್ಸಲ್ ನಡುವೆ ಇರುವ ಡಿಫರೆನ್ಷಿಯಲ್ ಗುಂಡು ಮಣ್ಣಿಗೆ ಕೂತ ಮೇಲೆ ಯಾವ ಟೈರೂ ಕೆಲಸಕ್ಕೆ ಬರುವುದಿಲ್ಲ. ಮಳೆ ನಿಂತ ಮಾರನೆಯ ದಿನ ಮೇಲ್ಪದರ ಒಣಗುವವರೆಗೆ ಕಾಯುವುದೇ ಆ ಭಾಗದ ರೈತರು ಮಾಡುವ ಸರಿಯಾದ ಕೆಲಸ.

ಹೊಳೆ ದಂಡೆಯ ಮರಳಿಗೆ ಎಟಿ, 15–18 ಪಿಎಸ್‌ಐ. ಎಂಟಿ ಅಲ್ಲಿ ಗುಂಡಿ ತೋಡಿಕೊಳ್ಳುತ್ತದೆ.

ಇನ್ನು ಟೈರುಗಳು. ಅಪೊಲೊ ಆಪ್ಟೆರಾ ಎಟಿ2, ಎಂಆರ್‌ಎಫ್ ವಾಂಡರರ್ ಎ/ಟಿ, ಸಿಯೆಟ್ ಜಾರ್ ಎ/ಟಿ ಇವು ರಸ್ತೆ ಕಡೆಗೆ ವಾಲಿದ ಎಟಿಗಳು. ಸದ್ದು ಕಡಿಮೆ, ಡೀಲರ್ ಎಲ್ಲ ಜಿಲ್ಲೆಯಲ್ಲೂ ಇದ್ದಾರೆ, ವಾರಂಟಿ ಕೇಳುವುದು ಸುಲಭ. ನಿಮ್ಮ ಓಡಾಟದಲ್ಲಿ ನೂರಕ್ಕೆ 80 ಪಾಲು ಡಾಂಬರು, ಉಳಿದದ್ದು ಜಲ್ಲಿ ಮತ್ತು ಮಣ್ಣಿನ ರಸ್ತೆ ಎಂದಾದರೆ ಇದಕ್ಕಿಂತ ಹೆಚ್ಚು ಹುಡುಕಬೇಕಿಲ್ಲ. ಅಳತೆ ನಿಮ್ಮ ಗಾಡಿಯದೇ ಸಿಗುತ್ತದಾ ನೋಡಿಕೊಳ್ಳಿ. ಯೊಕೊಹಾಮಾ ಜಿಯೊಲ್ಯಾಂಡರ್ ಎ/ಟಿ ಜಿ015 ನಮ್ಮ ಮೊದಲ ಆಯ್ಕೆ. ತೋಟಕ್ಕೆ ಸಾಕಷ್ಟು ಆಳದ ತೋಡು, ಬ್ಲಾಕಿನ ತುಂಬ ಸೈಪ್, ಒದ್ದೆ ರಸ್ತೆಯಲ್ಲಿ ನಂಬಿಕೆ ಬರುವ ಹಿಡಿತ. ಬಿಎಫ್‌ಗುಡ್ರಿಚ್ ಕೆಒ2ನ ಬಲ ಅದರ ದಪ್ಪ ಪಕ್ಕೆ. ಚೂಪು ಕಲ್ಲು, ಕ್ವಾರಿ ರಸ್ತೆ, ಕಡಿದ ಗಿಡದ ಕೂಳೆ ಇರುವಲ್ಲಿ ಟೈರು ಸಾಯುವುದು ಮೈಯಲ್ಲಿ ಅಲ್ಲ, ಪಕ್ಕೆಯಲ್ಲಿ. ಪಕ್ಕೆ ಸೀಳಿದರೆ ಪಂಕ್ಚರ್ ಅಂಗಡಿಯಲ್ಲಿ ರಿಪೇರಿ ಇಲ್ಲ, ಹೊಸ ಟೈರೇ ಗತಿ. ಅಂಥ ದಾರಿಯವರಿಗೆ ಕೆಒ2 ಕೊಟ್ಟ ದುಡ್ಡಿಗೆ ಮೋಸವಿಲ್ಲ. ಖಾಲಿ ಗಾಡಿಯಲ್ಲಿ ಸವಾರಿ ಸ್ವಲ್ಪ ಒರಟು.

ಎಂಟಿಯಲ್ಲಿ ಜಿಯೊಲ್ಯಾಂಡರ್ ಎಂ/ಟಿ ಜಿ003 ಮತ್ತು ಬಿಎಫ್‌ಗುಡ್ರಿಚ್ ಕೆಎಂ3 ಎರಡೂ ಹೊಸ ಕಾಲದ ವಿನ್ಯಾಸ, ರಸ್ತೆಯಲ್ಲಿ ಹಳೆಯ ಎಂಟಿಗಳಷ್ಟು ಕಿವಿ ಕೊರೆಯುವುದಿಲ್ಲ. ಮ್ಯಾಕ್ಸಿಸ್ ಬಿಗ್‌ಹಾರ್ನ್ ಎಂಟಿ-764 ನಮ್ಮ ಜೀಪ್ ಕ್ಲಬ್‌ಗಳಿಗೆ ಚಿರಪರಿಚಿತ. ಕೆಸರಿಗೆ ಗಟ್ಟಿಗ, ಆದರೆ ದಿನಾ ಹೈವೇ ಓಡುವ ಗಾಡಿಗೆ ನಾವು ಹೇಳುವುದಿಲ್ಲ. ಎಂಟಿಗಳ ಮೇಲೆ ಸಾಮಾನ್ಯವಾಗಿ ಕ್ಯೂ ಅಕ್ಷರ ಇರುತ್ತದೆ. ಅಂದರೆ ಗರಿಷ್ಠ ವೇಗ ಗಂಟೆಗೆ 160 ಕಿ.ಮೀ. ನಮ್ಮ ರಸ್ತೆಗೆ ಅದು ಸಾಕು. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ತೂಕ. ಷೋರೂಮಿನ ಟೈರಿಗಿಂತ ಎಲ್‌ಟಿ (ಲೈಟ್ ಟ್ರಕ್) ಗುರುತಿನ ಎಂಟಿ ಒಂದೊಂದೂ 5 ಕೆಜಿಗೂ ಹೆಚ್ಚು ಭಾರ ಬರಬಹುದು. ತಿರುಗುವ ಭಾರವಾದ್ದರಿಂದ ಗಾಡಿ ವೇಗ ಹಿಡಿಯುವುದು ತಡವಾಗುವುದು, ಮೈಲೇಜ್ ಇಳಿಯುವುದು, ಬ್ರೇಕಿಗೆ ಕೆಲಸ ಹೆಚ್ಚುವುದು ಮೂರೂ ಗೊತ್ತಾಗುತ್ತದೆ.

ಎಲ್‌ಟಿ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಟೈರಿನ ಪಕ್ಕೆಯ ಮೇಲೆ ಅಳತೆಯ ನಂತರ ಬರುವ ಅಂಕಿ ಓದಿ. 112 ಅಂದರೆ ಒಂದು ಟೈರು 1,120 ಕೆಜಿ ಹೊರುತ್ತದೆ, 120 ಅಂದರೆ 1,400 ಕೆಜಿ. ದೊಡ್ಡ ಅಂಕಿ ನೋಡಿ ಎಲ್‌ಟಿ ಹಾಕಿಸಿ, ಗಾಳಿ ಮಾತ್ರ ಸ್ಟಿಕರ್‌ನಲ್ಲಿದ್ದಷ್ಟೇ ಹಿಡಿಸಿದರೆ ಲೆಕ್ಕ ತಪ್ಪುತ್ತದೆ. ಎಲ್‌ಟಿ ಆ 1,400 ಕೆಜಿ ಹೊರುವುದು ಪಕ್ಕೆಯ ಮೇಲೆ ಬರೆದ ಪೂರ್ತಿ ಗಾಳಿಗೆ, ಹತ್ತು ಪ್ಲೈ (ಹತ್ತು ಪದರದಷ್ಟು ಬಲದ) ಟೈರಿನಲ್ಲಿ ಅದು 80 ಪಿಎಸ್‌ಐ. ಮಾಮೂಲಿ ಟೈರಿನಷ್ಟೇ ಗಾಳಿ ಹಾಕಿದರೆ ಎಲ್‌ಟಿ ಅದಕ್ಕಿಂತ ಕಡಿಮೆ ಭಾರ ಹೊರುತ್ತದೆ, ಪಕ್ಕೆ ಬಾಗಿ ಬಾಗಿ ಕಾಯುತ್ತದೆ. ಸ್ಟಿಕರ್‌ಗಿಂತ 5–8 ಪಿಎಸ್‌ಐ ಹೆಚ್ಚಿಗೆ ಹಿಡಿಸಿ. ಕಾಫಿ ಮೂಟೆ, ಗೊಬ್ಬರ ಹೇರುವ ದಿನ ಹಿಂದಿನ ಎರಡಕ್ಕೆ ಇನ್ನೂ ಸ್ವಲ್ಪ. ಬೆಳಿಗ್ಗೆ ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿದ್ದಾಗ ನೋಡಿದ ಅಳತೆಯೇ ಅಳತೆ. ಗಾಡಿಯ ಪೇಲೋಡ್ ಮಿತಿ ಮಾತ್ರ ಎಲ್‌ಟಿ ಹಾಕಿದರೆ ಹೆಚ್ಚುವುದಿಲ್ಲ; ಆಕ್ಸಲ್, ಸ್ಪ್ರಿಂಗ್, ಬ್ರೇಕ್ ಹಳೆಯವೇ.

ದೊಡ್ಡ ಸೈಜ್ ಹಾಕಿಸುವ ಆಸೆ ಇರುವವರಿಗೆ ಒಂದು ಲೆಕ್ಕ. 265/65 ಆರ್17ರ ಎತ್ತರ 776 ಮಿ.ಮೀ., 265/70 ಆರ್17ರದು 803. ಟೈರು 27 ಮಿ.ಮೀ. ದೊಡ್ಡದಾದರೂ ಗಾಡಿಯ ಹೊಟ್ಟೆ ಮೇಲೇರುವುದು ಅದರ ಅರ್ಧ, ಒಂದೂವರೆ ಸೆಂಟಿಮೀಟರೂ ಇಲ್ಲ. ಬದಲಿಗೆ ಎಲ್ಲ ಗೇರೂ ನೂರಕ್ಕೆ ಮೂರೂವರೆಯಷ್ಟು ಉದ್ದವಾಗಿ ಕಡಿದಾದ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಸ್ಪೀಡೋಮೀಟರ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್‌ಗೆ ಉಜ್ಜುವ ಸಂಭವವೂ ಇದೆ. ಒಣ ರಸ್ತೆಯಲ್ಲಿ ಉಜ್ಜದಿದ್ದರೂ ಕೆಸರು ಮೆತ್ತಿದ ಮೇಲೆ ಉಜ್ಜುತ್ತದೆ. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಕೂಡದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವ ಜಾಗ ಇಂಥದ್ದೇ. ಕಂಪನಿ ಕೊಟ್ಟ ಅಳತೆಯಲ್ಲೇ ಇರಿ.

ಐದು ಟೈರು ಒಟ್ಟಿಗೆ ಕೊಳ್ಳಿ, ನಾಲ್ಕಲ್ಲ. ಈ ಎರಡೂ ಗಾಡಿಗಳ ಫೋರ್‌ವೀಲ್ ಪಾರ್ಟ್‌ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕುವಂಥದ್ದು; ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದಾಗ ಎರಡೂ ಆಕ್ಸಲ್ ಒಂದೇ ವೇಗದಲ್ಲಿ ತಿರುಗಬೇಕು. ಹಿಂದೆ ಹೊಸ ಎಂಟಿ, ಮುಂದೆ ಸವೆದ ಹೈವೇ ಟೈರು ಇದ್ದರೆ ಸುತ್ತಳತೆ ಬೇರೆಬೇರೆಯಾಗಿ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೊಳಗೇ ತಿರುಚಿಕೊಳ್ಳುತ್ತದೆ. ಸ್ಟೆಪ್ನಿಯೂ ಅದೇ ಟೈರು ಆಗಿರಲಿ, ಸರದಿಯಲ್ಲಿ ಅದೂ ಓಡಲಿ. ಇನ್ನೊಂದು ಕಾರಣವೂ ಇದೆ: 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಹೊರದೇಶದ ಟೈರು ಇವತ್ತು ಸಿಕ್ಕಿದ್ದು ಆರು ತಿಂಗಳ ನಂತರ ಒಂದೇ ಒಂದು ಬೇಕೆಂದಾಗ ಸಿಗುತ್ತದೆ ಎನ್ನುವ ಭರವಸೆ ಇಲ್ಲ. ಹಳೆಯ ಸ್ಟಾಕ್ ತಗುಲಿಹಾಕುವುದೂ ಇದರಿಂದಲೇ. ಪಕ್ಕೆಯ ಮೇಲೆ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2324 ಎಂದಿದ್ದರೆ 2024ರ 23ನೇ ವಾರ. ಒಂದು ವರ್ಷಕ್ಕಿಂತ ಹಳೆಯದಾದರೆ ಬೆಲೆ ಇಳಿಸಿ ಎನ್ನಿ, ಎರಡು ದಾಟಿದ್ದರೆ ಬೇಡ ಎನ್ನಿ. ಐದರದ್ದೂ ಓದಿ, ಒಂದನ್ನು ನೋಡಿ ಸುಮ್ಮನಾಗಬೇಡಿ.

ಫಿಟ್ಟಿಂಗ್ ದಿನ ಟೈರಿನ ಮೇಲಿನ ಹಳದಿ ಚುಕ್ಕೆ ವಾಲ್ವ್ ಪಕ್ಕಕ್ಕೆ ಬರುವಂತೆ ಕೂರಿಸಲು ಹೇಳಿ. ಅದು ಟೈರಿನ ಹಗುರ ಭಾಗ, ವಾಲ್ವ್ ಇರುವುದು ಡಿಸ್ಕಿನ (ರಿಮ್‌ನ) ಭಾರದ ಕಡೆ. ಎಂಟಿಗೆ ಬ್ಯಾಲೆನ್ಸ್ ತೂಕ ಹೆಚ್ಚು ಬೇಕಾಗುವುದು ಸಹಜ. ಒಂದು ಚಕ್ರಕ್ಕೆ 150 ಗ್ರಾಂ ಮೀರುತ್ತಿದ್ದರೆ ಗಾಳಿ ಬಿಟ್ಟು ಟೈರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲಿ. ಡಿಸ್ಕಿನ ಒಳಬದಿಗೆ ಅಂಟಿಸಿದ ತೂಕ ಕೆಸರಿಗೆ, ನೀರಿಗೆ ಕಿತ್ತು ಬರುತ್ತದೆ. ಡಿಸ್ಕನ್ನು ಒರೆಸಿ ಒಣಗಿಸಿ ಅಂಟಿಸಿದ್ದಾರಾ ಅಂತ ನಿಂತು ನೋಡಿ. ಅಲೈನ್‌ಮೆಂಟ್ ಅದೇ ದಿನ ಮುಗಿಸಿ.

ಗಾಳಿ ಇಳಿಸಿ ಓಡಿಸುವವರಿಗೆ ಕಂಪ್ರೆಸರ್ ಗಾಡಿಯಲ್ಲೇ ಇರಬೇಕು, ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು. ಸಿಗರೇಟ್ ಸಾಕೆಟ್‌ಗೆ ಚುಚ್ಚುವ ಪುಟ್ಟ ಯಂತ್ರ ಈ ಸೈಜಿನ ಟೈರಿಗೆ ಸುಸ್ತಾಗುತ್ತದೆ, ಫ್ಯೂಸ್ ಹೋಗುತ್ತದೆ. 15 ಪಿಎಸ್‌ಐಗಿಂತ ಕೆಳಗೆ ಇಳಿಸಿದರೆ ತಿರುವಿನಲ್ಲಿ ಟೈರು ಡಿಸ್ಕಿನಿಂದ ಬಿಟ್ಟುಕೊಳ್ಳಬಹುದು. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿ, ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ ಅನ್ನಬೇಡಿ.

ಎಟಿಯನ್ನು 8,000 ಕಿ.ಮೀ.ಗೊಮ್ಮೆ, ಎಂಟಿಯನ್ನು 5,000ಕ್ಕೊಮ್ಮೆ ಜಾಗ ಬದಲಿಸಿ. ಸಮಯ ಮೀರಿದೆಯಾ ಅಂತ ಅಂಗೈ ಹೇಳುತ್ತದೆ. ಟೈರಿನ ಮೈ ಮೇಲೆ ಅಂಗೈಯನ್ನು ಚಕ್ರ ತಿರುಗುವ ದಿಕ್ಕಿನಲ್ಲಿ ಸವರಿ, ಆಮೇಲೆ ಎದುರು ದಿಕ್ಕಿನಲ್ಲಿ. ಒಂದು ಕಡೆ ನುಣುಪಾಗಿ ಹೋಗಿ ಇನ್ನೊಂದು ಕಡೆ ಗರಗಸದ ಹಲ್ಲಿನಂತೆ ತಡೆದರೆ ಬ್ಲಾಕ್‌ಗಳು ಓರೆ ಸವೆಯುತ್ತಿವೆ. 60 ಕಿ.ಮೀ. ವೇಗದಲ್ಲಿ ಕೇಳುವ ಗುಂಯ್ ಸದ್ದಿನ ಮೂಲ ಬಹಳ ಸಲ ಇದೇ. ಬೇರಿಂಗ್ ಹೋಗಿದೆ ಅಂತ ಬಿಚ್ಚಿಸುವ ಮೊದಲು ಟೈರು ಸವರಿ ನೋಡಿ. ಕಾನೂನಿನ ಮಿತಿ 1.6 ಮಿ.ಮೀ. ಆದರೂ ಕೆಸರಿನ ಕೆಲಸಕ್ಕೆ ಎಟಿ 5 ಮಿ.ಮೀ.ಗೆ ಬಂದಾಗಲೇ ಮುಗಿಯಿತು. ಮಳೆಗಾಲಕ್ಕೆ ಮುಂಚೆ ಬದಲಿಸಿದರೆ ಆ ನಾಲ್ಕು ತಿಂಗಳ ಉಪಯೋಗ ಪೂರ್ತಿ ಸಿಗುತ್ತದೆ.

ಹೊಸ ಟೈರು ಹಾಕಿಸಿ 100 ಕಿ.ಮೀ. ಓಡಿದ ಮೇಲೆ ವೀಲ್ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿಸಿ. ಎಷ್ಟು ಬಿಗಿ ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ಅಲಾಯ್ ಡಿಸ್ಕಿಗೂ ಕಬ್ಬಿಣದ ಡಿಸ್ಕಿಗೂ ಅಂಕಿ ಒಂದೇ ಇರಬೇಕೆಂದಿಲ್ಲ, ಸ್ಟೆಪ್ನಿ ಕಬ್ಬಿಣದ್ದಾದರೆ ಅದನ್ನೂ ಬರೆದಿಟ್ಟುಕೊಳ್ಳಿ.