ಶೇ 5 ಎನ್ನುವ ಕಾರ್ಡ್ ಕಲಬುರಗಿಯ ಮನೆಗೆ ಎಷ್ಟು ಕೊಡುತ್ತದೆ?

ಎಸ್‌ಬಿಐ ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್ 2022ರಲ್ಲಿ ಬಂದಾಗ ಅದರ ಮಾತು ನೇರವಾಗಿತ್ತು. ಆನ್‌ಲೈನ್‌ನಲ್ಲಿ ಕೊಂಡರೆ ಖರ್ಚಿನ ಶೇ 5 ವಾಪಸ್, ಅಂಗಡಿಯಲ್ಲಿ ಸ್ವೈಪ್ ಮಾಡಿದರೆ ಶೇ 1. ಇಂಥದ್ದೇ ಆ್ಯಪ್‌ನಲ್ಲಿ ಕೊಳ್ಳಬೇಕೆಂಬ ಕಟ್ಟಳೆ ಇಲ್ಲ, ಪಾಯಿಂಟ್ ಕೂಡಿಸಿ ವಸ್ತು ಪಡೆಯುವ ತಾಪತ್ರಯವೂ ಇಲ್ಲ, ಹಣ ಕಾರ್ಡಿನ ಖಾತೆಗೇ ಜಮೆ. ಕಾರ್ಡ್ ಒಳ್ಳೆಯದೇ. ಆದರೆ ಕಲಬುರಗಿಯ ಮನೆಯ ಖರ್ಚು ಬಹುಪಾಲು ಹೋಗುವುದು ಸೂಪರ್ ಮಾರ್ಕೆಟ್‌ನ ಕಿರಾಣಿಗೆ, ಜೆಸ್ಕಾಂ ಕರೆಂಟು ಬಿಲ್ಲಿಗೆ, ಶಾಲೆಯ ಫೀಗೆ, ಬೆಂಗಳೂರಿನ ರೈಲು ಟಿಕೆಟಿಗೆ. ಇಲ್ಲಿ ಶೇ 5 ಎಂಬುದು ಶೇ 5 ಆಗಿ ಉಳಿಯುವುದಿಲ್ಲ.

2023ರ ಮೇ 1ರಿಂದ ಈ ಕಾರ್ಡಿನ ನಿಯಮ ಬಿಗಿಯಾಯಿತು. ಒಂದು ಬಿಲ್ ಅವಧಿಗೆ 10,000 ರೂಪಾಯಿ ಇದ್ದ ಕ್ಯಾಶ್‌ಬ್ಯಾಕ್ ಮಿತಿ 5,000ಕ್ಕೆ ಇಳಿಯಿತು. ಬಂಗಾರದ ಅಂಗಡಿ, ಶಾಲೆ-ಕಾಲೇಜು, ವಿದ್ಯುತ್-ನೀರಿನಂಥ ಬಿಲ್, ವಿಮೆ, ರೈಲ್ವೆ ಇವು ಸೊನ್ನೆ ದರದ ಪಟ್ಟಿಗೆ ಸೇರಿದವು. ಪೆಟ್ರೋಲ್, ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದಕ್ಕೂ ಏನೂ ಸಿಗುವುದಿಲ್ಲ. ಕೆಳಗಿನ ಲೆಕ್ಕ ಈ ನಿಯಮಗಳದ್ದು. ಬ್ಯಾಂಕುಗಳು ಷರತ್ತು ಬದಲಿಸುತ್ತಲೇ ಇರುತ್ತವೆ, ಹಾಗಾಗಿ ಅರ್ಜಿ ಹಾಕುವ ದಿನ ಅವತ್ತಿನ ಪುಟ ತೆರೆದು ಅಂಕಿ ಬದಲಿಸಿಕೊಳ್ಳಿ, ವಿಧಾನ ಅದೇ.

ತಿಂಗಳಿಗೆ 30,000 ಖರ್ಚಿನ ಮನೆ ಎಂದುಕೊಳ್ಳಿ. ಆನ್‌ಲೈನ್ ಖರೀದಿ 8,000, ಅದಕ್ಕೆ ಶೇ 5ರಂತೆ 400 ರೂಪಾಯಿ. ಅಂಗಡಿಯಲ್ಲಿ ಸ್ವೈಪ್ 7,000, ಅದಕ್ಕೆ 70. ಉಳಿದ 15,000 ಶಾಲೆ ಫೀ, ಎಲ್‌ಐಸಿ, ಕರೆಂಟು, ರೈಲು, ಅದಕ್ಕೆ ಸೊನ್ನೆ. ಒಟ್ಟು 470, ಅಂದರೆ ಶೇ 1.57. ವರ್ಷದ ಶುಲ್ಕ 999ಕ್ಕೆ ಶೇ 18 ಜಿಎಸ್‌ಟಿ ಸೇರಿ 1,179. ಅದನ್ನು ಕಳೆದರೆ ವರ್ಷಕ್ಕೆ ಕೈಗೆ ಉಳಿಯುವುದು 4,461 ರೂಪಾಯಿ, ಒಟ್ಟು ಖರ್ಚಿನ ಶೇ 1.24. ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ ಎಂಬ ನಿಯಮವಿದೆ. ಆ 2 ಲಕ್ಷದಲ್ಲಿ ಯಾವ ಖರ್ಚು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದನ್ನು ಬೇರೆಯಾಗಿ ಓದಬೇಕು. ಕ್ಯಾಶ್‌ಬ್ಯಾಕ್‌ಗೆ ಹೊರಗಿಟ್ಟ ಪಟ್ಟಿ ಒಂದು, ಶುಲ್ಕ ಮಾಫಿಗೆ ಹೊರಗಿಟ್ಟ ಪಟ್ಟಿ ಇನ್ನೊಂದು.

ಪಕ್ಕಕ್ಕೆ ಅಮೆಜಾನ್ ಪೇ ಐಸಿಐಸಿಐ ಕಾರ್ಡ್ ಇಟ್ಟು ನೋಡೋಣ. ಅದಕ್ಕೆ ವಾರ್ಷಿಕ ಶುಲ್ಕವಿಲ್ಲ. ಅಮೆಜಾನ್‌ನಲ್ಲಿ ಪ್ರೈಮ್ (ಹಣ ಕೊಟ್ಟು ಪಡೆಯುವ ಸದಸ್ಯತ್ವ) ಇದ್ದವರಿಗೆ ಶೇ 5, ಇಲ್ಲದವರಿಗೆ ಶೇ 3, ಅಮೆಜಾನ್ ಪೇ ಮೂಲಕ ಹಣ ಪಡೆಯುವ ಪಾಲುದಾರ ವ್ಯಾಪಾರಿಗಳಲ್ಲಿ ಶೇ 2, ಉಳಿದ ಕಡೆ ಶೇ 1. ಅದೇ ಮನೆಯ 8,000ದಲ್ಲಿ 3,000 ಮಾತ್ರ ಅಮೆಜಾನ್‌ನದ್ದು, ಪ್ರೈಮ್ ಮೊದಲೇ ಇದೆ ಎಂದರೆ 150, ಮಿಕ್ಕ 5,000ಕ್ಕೆ 50, ಅಂಗಡಿಗೆ 70. ತಿಂಗಳಿಗೆ 270, ವರ್ಷಕ್ಕೆ 3,240. ಫೀ, ವಿಮೆ, ಬಿಲ್, ರೈಲಿನ 15,000ವನ್ನು ಈ ಕಾರ್ಡಿನ ಲೆಕ್ಕಕ್ಕೆ ಸೇರಿಸಿಲ್ಲ, ಅದರಲ್ಲಿ ಯಾವುದಕ್ಕಾದರೂ ಶೇ 1 ಸಿಕ್ಕರೆ ಈ ಮೊತ್ತ ಏರುತ್ತದೆ. ಎರಡರ ನಡುವಿನ ಅಂತರ ತಿಂಗಳಿಗೆ ನೂರು ರೂಪಾಯಿಯಷ್ಟೇ! ಈ ಲೆಕ್ಕದಂತೆ, ಅಮೆಜಾನ್ ಬಿಟ್ಟು ಬೇರೆ ಆನ್‌ಲೈನ್ ಖರೀದಿ ತಿಂಗಳಿಗೆ ಸುಮಾರು 2,500 ದಾಟಿದರೆ ಮಾತ್ರ ಶುಲ್ಕ ಕೊಟ್ಟು ಎಸ್‌ಬಿಐ ಕಾರ್ಡ್ ಇಟ್ಟುಕೊಳ್ಳುವುದು ಲಾಭ. ಏಕೆಂದರೆ ಅಲ್ಲಿ ಸಿಗುವ ಹೆಚ್ಚುವರಿ ಶೇ 4ರಲ್ಲೇ 1,179 ದುಡಿಯಬೇಕು. ಇನ್ನೊಂದು ವ್ಯತ್ಯಾಸ: ಅಮೆಜಾನ್ ಕಾರ್ಡಿನ ಗಳಿಕೆ ಅಮೆಜಾನ್ ಪೇ ಬ್ಯಾಲೆನ್ಸ್ ಆಗಿ ಬರುತ್ತದೆ, ಬಿಲ್ಲಿನಲ್ಲಿ ಕಡಿತವಾಗುವುದಿಲ್ಲ.

ಇವೆರಡೂ ಎಲ್ಲಿ ಕೊಂಡಿರಿ ಎಂಬುದರ ಮೇಲೆ ದರ ಕೊಡುವ ಕಾರ್ಡುಗಳು. ಎಷ್ಟು ಕೊಂಡಿರಿ ಎಂದು ನೋಡಿ ದರ ಏರಿಸುವವೂ ಇವೆ, ಜನ ಹೆಚ್ಚು ಎಡವುವುದು ಅಲ್ಲೇ. ಮೊದಲ 20,000ಕ್ಕೆ ಶೇ 1, ಅದರ ಮೇಲೆ 40,000ದವರೆಗೆ ಶೇ 2, ಆಮೇಲೆ ಶೇ 3 ಎಂದಿದೆ ಎನ್ನಿ. 41,000 ಖರ್ಚಾದರೆ 1,230 ಬರುತ್ತದೆಂದು ಎಣಿಸುತ್ತಾರೆ. ಆದಾಯ ತೆರಿಗೆಯ ಸ್ಲ್ಯಾಬ್ ರೀತಿ ಏರಿದ ಭಾಗಕ್ಕಷ್ಟೇ ಏರಿದ ದರ ಎಂದಿದ್ದರೆ ಬರುವುದು 200, 400 ಮತ್ತು 30, ಒಟ್ಟು 630. ಷರತ್ತಿನಲ್ಲಿ ‘ಮಿತಿ ಮೀರಿದ ಮೊತ್ತಕ್ಕೆ’ ಎಂದಿದೆಯೋ, ‘ಒಟ್ಟು ಖರ್ಚಿಗೆ’ ಎಂದಿದೆಯೋ ನೋಡಿ. ಮೊದಲನೆಯದಾದರೆ, 19,000 ಆಗಿದೆ ಎಂದು ಸ್ಲ್ಯಾಬ್ ದಾಟಲು 1,500ರ ಬೇಡದ ಸಾಮಾನು ತಂದವರಿಗೆ ಸಿಗುವುದು ಇಪ್ಪತ್ತು ರೂಪಾಯಿ.

ಕ್ಯಾಶ್‌ಬ್ಯಾಕ್ ಮಿತಿಯ ಲೆಕ್ಕ ಸುಲಭ: ಮಿತಿಯನ್ನು ದರದಿಂದ ಭಾಗಿಸಿ. ಶೇ 5, ಮಿತಿ 500 ಎಂದರೆ 10,000ದವರೆಗೆ ಮಾತ್ರ ಆ ದರ. 25,000 ಖರ್ಚು ಮಾಡಿದರೂ ಬರುವುದು 500, ಅಂದರೆ ಶೇ 2.

ಯಾವ ಅಂಗಡಿ ಯಾವ ದರಕ್ಕೆ ಎಂದು ತೀರ್ಮಾನಿಸುವುದು ಬೋರ್ಡ್ ಅಲ್ಲ, ನಾಲ್ಕು ಅಂಕಿಯ ವ್ಯಾಪಾರಿ ಕೋಡ್. ಸ್ವೈಪ್ ಮಷೀನ್ ಕೊಟ್ಟ ಬ್ಯಾಂಕ್ ಅದನ್ನು ಹಾಕಿರುತ್ತದೆ. ಕಿರಾಣಿಗೆ 5411, ಊಟದ ಹೋಟೆಲಿಗೆ 5812, ಲಾಡ್ಜಿಗೆ 7011, ಬಂಗಾರದಂಗಡಿಗೆ 5944. ಲಾಡ್ಜಿನ ಕೆಳಗಿನ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ ಲಾಡ್ಜಿನ ಮಷೀನಿನಲ್ಲೇ ಸ್ವೈಪ್ ಮಾಡಿದರೆ ಊಟದ ದರ ಸಿಗದೆ ಹೋಗಬಹುದು. ಅದು ಬ್ಯಾಂಕಿನ ಮೋಸವಲ್ಲ, ಕೋಡಿನ ಆಟ. ದೊಡ್ಡ ಖರೀದಿಗೆ ಮುಂಚೆ ಅದೇ ಅಂಗಡಿಯಲ್ಲಿ ನೂರು ರೂಪಾಯಿ ಸ್ವೈಪ್ ಮಾಡಿ, ಬಿಲ್ ಬಂದಾಗ ಎಷ್ಟು ಜಮೆಯಾಯಿತು ನೋಡಿ.

ಕಿರಾಣಾ ಅಂಗಡಿಯ ಯುಪಿಐ ಕ್ಯೂಆರ್‌ನಲ್ಲಿ ಕಾರ್ಡ್ ಬಳಸಬೇಕೆಂದರೆ ಅದು ರೂಪೇ ಕಾರ್ಡ್ ಆಗಿರಬೇಕು. ಅಂಗಡಿಯವನ ಸ್ವಂತ ಮೊಬೈಲ್ ನಂಬರಿನ ಕ್ಯೂಆರ್ ಆದರೆ ಹಣ ಹೋಗುವುದೇ ಇಲ್ಲ, ವ್ಯಾಪಾರಿ ಕ್ಯೂಆರ್ ಬೇಕು. ಅದಕ್ಕೆ ಕ್ಯಾಶ್‌ಬ್ಯಾಕ್ ಎಷ್ಟು ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ.

ಬೇಸಿಗೆಗೆ ಕೂಲರ್, ಫ್ರಿಜ್ ಎರಡೂ ಕೊಳ್ಳುವವರು ಬಿಲ್ ತಾರೀಖು ನೋಡಿಕೊಳ್ಳಿ. ಮಿತಿ ಕ್ಯಾಲೆಂಡರ್ ತಿಂಗಳಿಗೋ ಬಿಲ್ ಅವಧಿಗೋ ಎಂಬುದು ಷರತ್ತಿನಲ್ಲಿರುತ್ತದೆ. 18ಕ್ಕೆ ಬಿಲ್ ಆಗುವ ಕಾರ್ಡಿನಲ್ಲಿ 14ಕ್ಕೆ ಒಂದು, 20ಕ್ಕೆ ಇನ್ನೊಂದು ಕೊಂಡರೆ ಎರಡು ಮಿತಿ ಸಿಗುತ್ತವೆ. 17ಕ್ಕೆ ಕೊಂಡದ್ದು ಖಾತೆಗೆ ಏರುವ ಹೊತ್ತಿಗೆ 19 ಆಗಿರಬಹುದು, ಆದ್ದರಿಂದ ಮೂರ್ನಾಲ್ಕು ದಿನ ಅಂತರ ಬಿಡಿ. ವಾಪಸ್ ಮಾಡಿದ ಸಾಮಾನಿನ ಕ್ಯಾಶ್‌ಬ್ಯಾಕನ್ನೂ ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಇಎಂಐ ಮಾಡಿಸಿದರೆ ಎಷ್ಟೋ ಕಾರ್ಡುಗಳಲ್ಲಿ ಕ್ಯಾಶ್‌ಬ್ಯಾಕ್ ಇಲ್ಲ.

‘ಕಾರ್ಡ್ ಆದ್ರ ಎರಡು ಪರ್ಸೆಂಟ್ ಜಾಸ್ತಿ ಆಗ್ತದ ನೋಡ್ರಿ’ ಎಂದು ಗಲ್ಲೆಯ ಮೇಲೆ ಕೂತವರು ಹೇಳಿದರೆ ಕಾರ್ಡ್ ಜೇಬಿಗೆ ಹಾಕಿ. ಶೇ 1ಕ್ಕಾಗಿ ಶೇ 2 ಕೊಡುವ ವ್ಯಾಪಾರ ಅದು.

ಬಿಲ್ ಪೂರ್ತಿ ಕಟ್ಟದವರಿಗೆ ಈ ಯಾವ ಕಾರ್ಡೂ ಬೇಡ. ಬಡ್ಡಿ ತಿಂಗಳಿಗೆ ಶೇ 3.75 ಇದ್ದರೆ ಜಿಎಸ್‌ಟಿ ಸೇರಿ ಶೇ 4.43ರ ಹತ್ತಿರ. 10,000ಕ್ಕೆ 500 ಗಳಿಸಿ, ಒಂದು ತಿಂಗಳ ಬಾಕಿಗೆ 442 ಕಳೆದಂತೆ. ಮೇಲಾಗಿ ಬಾಕಿ ತೀರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ.

ವರ್ಷದ ಕೊನೆಗೆ ಲೆಕ್ಕ ಕೂಡದಿದ್ದರೆ ಶುಲ್ಕ ಬೀಳುವ ತಿಂಗಳಿಗೆ ಮುಂಚೆ ಬಾಕಿ ಶೂನ್ಯ ಮಾಡಿ ಕಾರ್ಡ್ ಮುಚ್ಚಲು ಬರೆದುಕೊಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ, ಬಾಕಿ ಇಲ್ಲದ ಖಾತೆಗೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ಮನವಿ ಸಂಖ್ಯೆ ಬಂದ ಎಸ್‌ಎಂಎಸ್ ಅಳಿಸಬೇಡಿ.